ಫೋಮ್ ಬುಲೆಟ್ ಕಣ್ಣಿಗೆ ಬಡಿದರೆ: ಕೊಪ್ಪಳದ ನೇತ್ರತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಗಂಗಾವತಿಯಿಂದ ಒಬ್ಬ ತಾಯಿ):

ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ. ಹುಟ್ಟುಹಬ್ಬಕ್ಕೆ ಅವನ ಸೋದರಮಾವ ಎರಡು ನರ್ಫ್ ಗನ್ (ಫೋಮ್ ಬುಲೆಟ್ ಹಾರಿಸುವ ಆಟಿಕೆ ಬಂದೂಕು) ತಂದುಕೊಟ್ಟಿದ್ದರು. ನಿನ್ನೆ ಸಂಜೆ ಓಣಿಯ ಹುಡುಗರೆಲ್ಲ ನಮ್ಮ ಮಾಳಿಗೆಯ ಮೇಲೆ ಎರಡು ಗುಂಪಾಗಿ ಆಡುತ್ತಿದ್ದರು. ನೀರಿನ ಟ್ಯಾಂಕಿನ ಹಿಂದೆ ಅಡಗಿದ್ದ ಇವನು ಇಣುಕಿ ನೋಡಿದಾಗ, ನಾಲ್ಕೈದು ಅಡಿ ದೂರದಿಂದ ಬಂದ ಫೋಮ್ ಬುಲೆಟ್ ನೇರವಾಗಿ ಬಲಗಣ್ಣಿಗೆ ಬಡಿಯಿತು. ನಮ್ಮ ಅತ್ತೆಯವರು ಸೆರಗನ್ನು ಉಂಡೆ ಮಾಡಿ, ಬಾಯಿಯ ಉಸಿರಿನಿಂದ ಬಿಸಿ ಮಾಡಿ, ಕಣ್ಣಿನ ಮೇಲೆ ಒತ್ತಿ ಶಾಖ ಕೊಟ್ಟರು. ಇವತ್ತು ಬೆಳಿಗ್ಗೆ ಕೆಂಪು ಕಡಿಮೆಯಾಗಿದೆ, ನೋವೂ ಅಷ್ಟಿಲ್ಲ ಎನ್ನುತ್ತಾನೆ. ಆದರೆ ಆ ಕಣ್ಣಿನಿಂದ ನೋಡಿದರೆ ಮಂಜು ಮುಸುಕಿದಂತೆ ಕಾಣುತ್ತದೆ ಎನ್ನುತ್ತಾನೆ. ಸ್ಪಂಜಿನಂಥ ವಸ್ತು ಬಡಿದದ್ದಕ್ಕೆ ಆಸ್ಪತ್ರೆಗೆ ಹೋಗಲೇಬೇಕೇ, ಅಥವಾ ಎರಡು ದಿನ ನೋಡಬಹುದೇ?

ಉತ್ತರ:

ಕಾಯಬೇಡಿ, ತಂಗಿ. ಈ ಉತ್ತರ ಓದಿದ ಕೂಡಲೇ ಮಗನನ್ನು ಕರೆದುಕೊಂಡು ಹತ್ತಿರದ ನೇತ್ರತಜ್ಞರ ಬಳಿಗೆ ಹೊರಡಿ. ನೋವು ಮತ್ತು ಕೆಂಪು ಇಳಿದದ್ದು ನನಗೆ ಸಮಾಧಾನ ಕೊಡುತ್ತಿಲ್ಲ. ಮಂಜು ಎಂಬ ಆ ಒಂದು ಮಾತು ನನ್ನನ್ನು ಚಿಂತೆಗೆ ಹಚ್ಚಿದೆ.

ಹೊರಡುವ ಮುನ್ನ ಒಂದೇ ನಿಮಿಷದಲ್ಲಿ ನೀವೇ ಒಂದು ಪರೀಕ್ಷೆ ಮಾಡಬಹುದು. ಮಗನನ್ನು ನೆಟ್ಟಗೆ ಕುರ್ಚಿಯಲ್ಲಿ ಕೂರಿಸಿ, ಮೊಬೈಲ್ ಟಾರ್ಚನ್ನು ಕಿವಿಯ ಕಡೆಯಿಂದ ಓರೆಯಾಗಿ ಹಿಡಿದು, ಕಪ್ಪುಗುಡ್ಡೆಯ ಕೆಳಗಿನ ಅಂಚನ್ನು ನೋಡಿ. ಲೋಟದ ತಳದಲ್ಲಿ ಉಳಿದ ಚಹಾದ ಹಾಗೆ ಅಲ್ಲಿ ಕೆಂಪು ಗೆರೆಯೊಂದು ಅಡ್ಡಲಾಗಿ ನಿಂತಿದ್ದರೆ, ಕಣ್ಣಿನೊಳಗೆ ರಕ್ತ ಸೋರಿದೆ ಎಂದೇ ಅರ್ಥ. ಇದನ್ನು ನಾವು ಹೈಫೀಮಾ ಎನ್ನುತ್ತೇವೆ. ಮಗು ಮಲಗಿದ್ದಾಗ ಆ ರಕ್ತ ಹರಡಿಕೊಂಡು ಕಾಣದೇ ಹೋಗಬಹುದು, ಆದ್ದರಿಂದ ಕೂರಿಸಿಯೇ ನೋಡಬೇಕು. ಗೆರೆ ಕಾಣದಿದ್ದರೂ ಹೋಗುವುದನ್ನು ತಪ್ಪಿಸಬೇಡಿ. ಕಣ್ಣನ್ನು ಹಿಗ್ಗಿಸಿ ತೋರಿಸುವ ನಮ್ಮ ಸ್ಲಿಟ್ ಲ್ಯಾಂಪ್ ಎಂಬ ಯಂತ್ರಕ್ಕೆ ಕಾಣುವ ತೆಳು ಸೋರಿಕೆ ಬರಿಗಣ್ಣಿಗೆ ಕಾಣುವುದಿಲ್ಲ, ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾಕ್ಕೆ ಬಿದ್ದ ಪೆಟ್ಟಂತೂ ಹೊರಗಿನಿಂದ ತಿಳಿಯುವುದೇ ಇಲ್ಲ.

ಅತ್ತೆಯವರು ಪ್ರೀತಿಯಿಂದಲೇ ಶಾಖ ಕೊಟ್ಟಿದ್ದಾರೆ, ಅವರನ್ನು ದೂರಬೇಡಿ. ಆದರೆ ಇನ್ನು ಮುಂದೆ ಆ ಕಣ್ಣನ್ನು ಯಾರೂ ಒತ್ತಬಾರದು, ಉಜ್ಜಬಾರದು. ಕಾಗದದ ಚಹಾ ಲೋಟದ ತಳಭಾಗವನ್ನು ಕತ್ತರಿಸಿ, ಅದರ ಅಂಚು ಹುಬ್ಬಿನ ಮತ್ತು ಕೆನ್ನೆಯ ಎಲುಬಿನ ಮೇಲೆ ಕೂರುವಂತೆ ಇಟ್ಟು ಟೇಪ್ ಅಂಟಿಸಿದರೆ, ದಾರಿಯಲ್ಲಿ ಮಗು ಕಣ್ಣು ಮುಟ್ಟಿಕೊಳ್ಳದಂತೆ ಒಳ್ಳೆಯ ಮರೆಯಾಗುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಅವು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡುತ್ತವೆ. ವಾಂತಿಯಾದರೆ ಅಥವಾ ಮಗು ಮಂಕಾಗಿ ತೂಕಡಿಸತೊಡಗಿದರೆ ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗಿ. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಪ್ರಶ್ನೆ (ಕುಷ್ಟಗಿಯಿಂದ ಒಬ್ಬರು):

ಕಣ್ಣಿಗೆ ಪೆಟ್ಟಾದಾಗ ನಮ್ಮ ಮನೆಯಲ್ಲಿ ಎದೆಹಾಲು ಅಥವಾ ಹರಳೆಣ್ಣೆ ಹಾಕುವ ರೂಢಿಯಿದೆ. ಆಸ್ಪತ್ರೆಗೆ ಹೋಗುವವರೆಗೆ ಹಾಕಬಹುದೇ?

ಉತ್ತರ:

ಬೇಡ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತರಚಿದ್ದರೆ ಅದರ ಮೂಲಕ ಸೋಂಕು ಒಳಗಿಳಿಯುತ್ತದೆ, ಎಣ್ಣೆ ಹಾಕಿದ ಕಣ್ಣನ್ನು ಪರೀಕ್ಷಿಸುವುದೂ ಕಷ್ಟ.

ಪ್ರಶ್ನೆ (ಗಂಗಾವತಿಯ ತಾಯಿ, ಅದೇ ದಿನ ಸಂಜೆ):

ಮೇಡಂ, ತೋರಿಸಿಕೊಂಡು ಬಂದೆವು. ಕಪ್ಪುಗುಡ್ಡೆಯ ಕೆಳಗೆ ಒಂದು ಮಿಲಿಮೀಟರಿನಷ್ಟು ರಕ್ತ ನಿಂತಿದೆ, ಕಣ್ಣಿನ ಒತ್ತಡ ಸದ್ಯಕ್ಕೆ ಸರಿಯಿದೆ ಎಂದು ಡಾಕ್ಟರು ಹೇಳಿ ಎರಡು ಬಗೆಯ ಹನಿ ಬರೆದುಕೊಟ್ಟಿದ್ದಾರೆ. ಐದು ದಿನ ಓಡಾಟ ಬೇಡ, ತಲೆ ಎತ್ತರಿಸಿ ಮಲಗಿಸಿ, ದಿನ ಬಿಟ್ಟು ದಿನ ಬನ್ನಿ ಎಂದಿದ್ದಾರೆ. ಇಷ್ಟು ಸಣ್ಣ ಗೆರೆಗೆ ಇಷ್ಟೊಂದು ಕಟ್ಟುನಿಟ್ಟು ಏಕೆ? ಅಷ್ಟು ಹಗುರವಾದ ಬುಲೆಟ್ಟಿನಿಂದ ಇದು ಹೇಗೆ ಆಯಿತು ಎಂಬುದೂ ನನಗೆ ತಿಳಿಯುತ್ತಿಲ್ಲ.

ಉತ್ತರ:

ನೀವು ಇವತ್ತೇ ಹೋದದ್ದು ನನಗೆ ಬಹಳ ನೆಮ್ಮದಿ ತಂದಿತು. ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ.

ನಮ್ಮ ಕಣ್ಣುಗುಡ್ಡೆ ಎಲುಬಿನ ಗೂಡಿನೊಳಗೆ ಕುಳಿತಿದೆ. ಟೆನಿಸ್ ಚೆಂಡು ಮುಖಕ್ಕೆ ಬಡಿದರೆ ಹುಬ್ಬಿನ ಮತ್ತು ಕೆನ್ನೆಯ ಎಲುಬುಗಳು ಪೆಟ್ಟಿನ ಬಹುಪಾಲನ್ನು ತಾವೇ ತೆಗೆದುಕೊಳ್ಳುತ್ತವೆ, ಏಕೆಂದರೆ ಚೆಂಡು ಗೂಡಿನ ಬಾಯಿಗಿಂತ ದೊಡ್ಡದು. ಫೋಮ್ ಬುಲೆಟ್ಟಿನ ದಪ್ಪವಾದರೋ ಸುಮಾರು 13 ಮಿಲಿಮೀಟರ್. ಅದು ಎಲುಬನ್ನು ಮುಟ್ಟದೆ ಸೀದಾ ಕಣ್ಣುಗುಡ್ಡೆಗೇ ತಾಕುತ್ತದೆ. ಅದರ ಮೈ ಸ್ಪಂಜು ನಿಜ, ಆದರೆ ಮುಂದಿನ ಟೊಪ್ಪಿಗೆ ರಬ್ಬರಿನಂಥದ್ದು. ಕಣ್ಣನ್ನು ಮುಟ್ಟುವುದು ಆ ಟೊಪ್ಪಿಗೆಯೇ. ಅದು ಕಾರ್ನಿಯಾವನ್ನು ಕ್ಷಣಕಾಲ ಒಳಕ್ಕೆ ಒತ್ತಿದಾಗ, ಗಾಳಿ ತುಂಬಿದ ಬಲೂನನ್ನು ಬೆರಳಿನಿಂದ ಒತ್ತಿದರೆ ಬದಿಗಳು ಉಬ್ಬುವಂತೆ ಕಣ್ಣಿನ ನಡುಭಾಗ ಅಗಲಕ್ಕೆ ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಐರಿಸ್ಸಿನ (ಪಾಪೆಯ ಸುತ್ತಲಿನ ಬಣ್ಣದ ಪರದೆಯ) ಬುಡದಲ್ಲಿರುವ ಸಣ್ಣ ರಕ್ತನಾಳ ಹರಿದು ರಕ್ತ ಸೋರುತ್ತದೆ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಗೆ ನರ್ಫ್ ಗನ್ನಿನ ಪೆಟ್ಟಿನಿಂದ ಕಣ್ಣೊಳಗೆ ರಕ್ತ ಸೋರಿ ಬಂದ ಮೂವರ ವಿವರವನ್ನು ಅಲ್ಲಿನ ವೈದ್ಯರು 2017ರಲ್ಲಿ ಪ್ರಕಟಿಸಿದರು. ಅವರಲ್ಲಿ ಇಬ್ಬರು ದೊಡ್ಡವರು, ಒಬ್ಬ 11 ವರ್ಷದ ಹುಡುಗ. ಚಿಕಿತ್ಸೆಯಿಂದ ಮೂವರೂ ಗುಣವಾದರು. ಹೀಗಾಗಿ ನಿಮ್ಮ ಮಗನಿಗೆ ಆದದ್ದು ಲೋಕದಲ್ಲಿ ಎಲ್ಲೂ ಆಗದ ಸಂಗತಿಯಲ್ಲ.

ಇನ್ನು ಕಟ್ಟುನಿಟ್ಟಿನ ಮಾತು. ಹರಿದ ನಾಳದ ಬಾಯಿಗೆ ಈಗ ಒಂದು ಪುಟ್ಟ ಹೆಪ್ಪು ಕೂತಿದೆ. ಎರಡನೆಯ ದಿನದಿಂದ ಐದನೆಯ ದಿನದೊಳಗೆ ಆ ಹೆಪ್ಪು ಸಡಿಲಗೊಂಡು ಕುಗ್ಗುತ್ತದೆ, ಮತ್ತೆ ರಕ್ತ ಸೋರುವ ಭಯ ಹೆಚ್ಚಾಗಿ ಇರುವುದು ಆ ದಿನಗಳಲ್ಲಿಯೇ. ಎರಡನೆಯ ಸಲ ಸೋರಿದ ರಕ್ತ ಮೊದಲಿಗಿಂತ ಹೆಚ್ಚಾಗಿರಬಹುದು. ಅದು ಕಣ್ಣಿನೊಳಗಿನ ನೀರು ಹೊರಹೋಗುವ ದಾರಿಯನ್ನು ಮುಚ್ಚಿದರೆ ಒತ್ತಡ ಏರಿ ದೃಷ್ಟಿನರಕ್ಕೆ ಹಾನಿಯಾಗುತ್ತದೆ. ನನ್ನ ಬಳಿಗೆ ಬಂದಿದ್ದ ಒಬ್ಬ ಬಾಲಕನಿಗೆ ಮೊದಲ ದಿನ ಇದ್ದದ್ದು ನಿಮ್ಮ ಮಗನಷ್ಟೇ ತೆಳುವಾದ ಗೆರೆ. ಮೂರನೆಯ ದಿನ, ಆರಾಮಾದನೆಂದು ಮನೆಯವರು ಕ್ರಿಕೆಟ್ಟಿಗೆ ಬಿಟ್ಟರು. ಅಂದು ರಾತ್ರಿ ವಾಂತಿ ಮಾಡಿಕೊಳ್ಳುತ್ತ ಅವನು ಬಂದಾಗ ಕಪ್ಪುಗುಡ್ಡೆಯ ಅರ್ಧದವರೆಗೆ ರಕ್ತ ತುಂಬಿತ್ತು. ಅವನ ದೃಷ್ಟಿ ಉಳಿಯಿತು, ಆದರೆ ಆ ರಾತ್ರಿಯನ್ನು ನಾನು ಮರೆತಿಲ್ಲ.

ಆದ್ದರಿಂದ ಎರಡು ದಪ್ಪ ದಿಂಬುಗಳ ಮೇಲೆ ಒರಗಿಸಿ ಮಲಗಿಸಿ. ರಕ್ತ ಕೆಳಗಿಳಿದು ಪಾಪೆಯ ಮುಂಭಾಗ ತಿಳಿಯಾಗುತ್ತದೆ. ಬರೆದುಕೊಟ್ಟ ಹನಿಗಳಲ್ಲಿ ಅಟ್ರೋಪಿನ್ ಇದ್ದರೆ ಪಾಪೆ ಅಗಲವಾಗಿ ಬೆಳಕು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ; ಅದು ಔಷಧದ ಗುಣ, ಗಾಬರಿ ಬೇಡ. ಶಾಲೆ ಒಂದು ವಾರ ಬಿಟ್ಟರೆ ಏನೂ ಕೆಡುವುದಿಲ್ಲ. ಒಂಬತ್ತು ವರ್ಷದ ಹುಡುಗನನ್ನು ಐದು ದಿನ ಕೂರಿಸಿಡುವುದು ಎಷ್ಟು ಕಷ್ಟವೆಂದು ಒಬ್ಬ ತಾಯಿಯಾಗಿ ನನಗೆ ಗೊತ್ತು. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿ ಕಥೆ ಹೇಳಿಸಿ; ಕೇಳುವುದಕ್ಕೆ ಕಣ್ಣು ಬೇಕಿಲ್ಲ.

ಪ್ರಶ್ನೆ (ಸಿಂಧನೂರಿನಿಂದ ಒಬ್ಬ ತಂದೆ):

ಡಿಪ್ಲೊಮಾ ಓದುತ್ತಿರುವ ನನ್ನ ಅಣ್ಣನ ಮಗ ವಿಡಿಯೊ ನೋಡಿ ನಮ್ಮ ಮನೆಯ ಗನ್ನಿನ ಸ್ಪ್ರಿಂಗ್ ಬದಲಿಸಿದ್ದಾನೆ. ಬುಲೆಟ್ ಈಗ ಓಣಿಯ ಆ ತುದಿಗೆ ಹೋಗುತ್ತದೆಂದು ಮಕ್ಕಳಿಗೆ ಬಹಳ ಖುಷಿ. ಬುಲೆಟ್‌ಗಳನ್ನೂ ನೂರರ ಪೊಟ್ಟಣದಲ್ಲಿ ಅಗ್ಗಕ್ಕೆ ತರಿಸಿದ್ದೇವೆ. ಇದರಿಂದ ಅಪಾಯ ಹೆಚ್ಚಾಗುತ್ತದೆಯೇ?

ಉತ್ತರ:

ಹೌದು, ನೀವು ಎಣಿಸಿದ್ದಕ್ಕಿಂತ ಹೆಚ್ಚು. ಸಾಮಾನ್ಯ ಗನ್ನಿನಿಂದ ಸುಮಾರು ಒಂದು ಗ್ರಾಂ ತೂಕದ ಬುಲೆಟ್ ಸೆಕೆಂಡಿಗೆ ಸುಮಾರು 70 ಅಡಿ ವೇಗದಲ್ಲಿ ಹೊರಡುತ್ತದೆ. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹುಡುಗ ವೇಗವನ್ನು ಎರಡರಷ್ಟು ಮಾಡಿದ್ದರೆ ಪೆಟ್ಟು ನಾಲ್ಕರಷ್ಟಾಗಿದೆ. ಹಗುರವಾದ ಫೋಮ್ ಗಾಳಿಯಲ್ಲಿ ಬೇಗನೆ ವೇಗ ಕಳೆದುಕೊಳ್ಳುವುದೇ ಈ ಆಟಿಕೆಗೆ ಇರುವ ದೊಡ್ಡ ರಕ್ಷಣೆ. ಆದರೆ ಗಂಗಾವತಿಯ ಮಗುವಿಗೆ ಆದಂತೆ ನಾಲ್ಕೈದು ಅಡಿಯಲ್ಲಿ ಆ ರಕ್ಷಣೆ ಇನ್ನೂ ಶುರುವೇ ಆಗಿರುವುದಿಲ್ಲ. ಆದ್ದರಿಂದ ಹಳೆಯ ಸ್ಪ್ರಿಂಗನ್ನೇ ಹಾಕಿಸಿ. ಅಣ್ಣನ ಮಗನ ಕೈಚಳಕವನ್ನು ನಾನು ಮೆಚ್ಚುತ್ತೇನೆ, ಅದನ್ನು ಬೇರೆ ಯಂತ್ರದ ಮೇಲೆ ತೋರಿಸಲಿ. ಗನ್ನನ್ನಾಗಲಿ ಬುಲೆಟ್ಟನ್ನಾಗಲಿ ಮಾರ್ಪಡಿಸಬಾರದು, ಕಣ್ಣು ಮತ್ತು ಮುಖಕ್ಕೆ ಗುರಿಯಿಡಬಾರದು ಎಂದು ತಯಾರಕರೇ ಪೆಟ್ಟಿಗೆಯ ಮೇಲೆ ಮುದ್ರಿಸಿರುತ್ತಾರೆ.

ಅಗ್ಗದ ಬುಲೆಟ್ಟಿನ ಟೊಪ್ಪಿಗೆಯನ್ನು ಉಗುರಿನಿಂದ ಒತ್ತಿ ನೋಡಿ. ಅದು ಬಾಗದೆ ಬಳಪದಂತೆ ಗಟ್ಟಿಯಾಗಿದ್ದರೆ ಇಡೀ ಪೊಟ್ಟಣವನ್ನು ಬಿಸಾಡಿ. ನಮ್ಮ ಭಾಗದ ಬಿಸಿಲನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ ಮಾಳಿಗೆಯ ಮೇಲೆ ಬಿದ್ದಿದ್ದ ಬುಲೆಟ್‌ಗಳನ್ನು ನನ್ನ ಮಗ ಆರಿಸಿ ತಂದಾಗ ಕೆಲವುದರ ಮೈ ಸೀಳಿತ್ತು, ಕೆಲವುದರ ಅಂಟು ಬಿಟ್ಟು ಟೊಪ್ಪಿಗೆ ಕಳಚಿತ್ತು. ಅಂಥವನ್ನು ಮತ್ತೆ ಗನ್ನಿಗೆ ತುಂಬಬಾರದು.

ಪ್ರಶ್ನೆ (ಬಳ್ಳಾರಿಯಿಂದ ಒಬ್ಬ ಶಿಕ್ಷಕಿ):

ನನ್ನ ಮಗಳು ಚಾಳೀಸು ಹಾಕುತ್ತಾಳೆ. ಅದೇ ರಕ್ಷಣೆಯಾಗುತ್ತದೆಯೇ, ಅಥವಾ ಬೇರೆ ಕನ್ನಡಕ ಬೇಕೇ?

ಉತ್ತರ:

ದಿನಬಳಕೆಯ ಚಾಳೀಸು ರಕ್ಷಣೆಯಲ್ಲ. ಬದಿಯಿಂದ ಬಂದ ಬುಲೆಟ್ಟನ್ನು ಅದು ತಡೆಯುವುದಿಲ್ಲ, ಗಾಜಿನ ಮಸೂರವಾದರೆ ಒಡೆದು ತಾನೇ ಗಾಯ ಮಾಡುತ್ತದೆ. ಬೇಕಾದದ್ದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಮಸೂರದ, ಬದಿಗಳೂ ಮುಚ್ಚಿರುವ ಗಾಗಲ್ಸ್. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೈಂಡಿಂಗ್ ಕೆಲಸಕ್ಕೆಂದು ಮಾರುವ ಪಾರದರ್ಶಕ ಗಾಗಲ್ಸ್ ಸಾಮಾನ್ಯವಾಗಿ ಈ ವಸ್ತುವಿನದ್ದೇ, ಚಾಳೀಸಿನ ಮೇಲೆಯೇ ಹಾಕಿಕೊಳ್ಳುವಂಥವೂ ಸಿಗುತ್ತವೆ. ಕೊಳ್ಳುವ ಮುನ್ನ ಮಗಳ ಮುಖಕ್ಕೆ ಹಾಕಿಸಿ, ತಲೆ ಬಗ್ಗಿಸಿ ಅಲ್ಲಾಡಿಸಲು ಹೇಳಿ; ಜಾರಿದರೆ ಅದು ದೊಡ್ಡವರ ಅಳತೆ.

ಆಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮರೆಯಲ್ಲಿ ಅಡಗಿದ ಮಗು ಇಣುಕುವಾಗ ಮೊದಲು ಹೊರಗೆ ಬರುವುದು ಕಣ್ಣು, ಎದುರಾಳಿ ಕಾಯುತ್ತಿರುವುದೂ ಅದೇ ಜಾಗವನ್ನು. ಬುಲೆಟ್ ಸಿಕ್ಕಿಕೊಂಡರೆ ಮಕ್ಕಳು ನಳಿಗೆಯೊಳಗೆ ಇಣುಕಿ ನೋಡುತ್ತಾರೆ, ಬೆರಳು ಇನ್ನೂ ಟ್ರಿಗರ್ ಮೇಲೆಯೇ ಇರುತ್ತದೆ. ಮುಖಕ್ಕೆ ಹೊಡೆಯಬೇಡಿ ಎಂಬ ಮಾತೊಂದನ್ನೇ ನಂಬಿದರೆ ಇವೆರಡನ್ನೂ ತಡೆಯಲಾಗುವುದಿಲ್ಲ, ಗಾಗಲ್ಸ್ ತಡೆಯುತ್ತದೆ. ಬೆವರಿಗೆ ಗಾಗಲ್ಸ್ ಮಬ್ಬಾದಾಗ ಮಕ್ಕಳು ತೆಗೆದುಬಿಡುತ್ತಾರೆ. ಅದಕ್ಕೇ ಆಟ ಸಂಜೆ ಐದರ ನಂತರವಿರಲಿ, ಒರೆಸಿಕೊಳ್ಳಬೇಕೆಂದವರು ಕೈಯೆತ್ತಿದರೆ ಎಲ್ಲರೂ ಗನ್ ಕೆಳಗಿಡುವ ನಿಯಮವಿರಲಿ.

ಪ್ರಶ್ನೆ (ಕೊಪ್ಪಳದಿಂದ ಒಬ್ಬ ಆಟಿಕೆ ವ್ಯಾಪಾರಿ):

ಅಕ್ಕಾವರೇ, ನಾನು ಗವಿಮಠದ ಜಾತ್ರೆಯಲ್ಲಿ ಪ್ರತಿವರ್ಷ ಅಂಗಡಿ ಹಾಕುತ್ತೇನೆ. ನಾನು ಯಾವ ಗನ್ ಮಾರಬಹುದು, ಯಾವುದು ಮಾರಬಾರದು ಎಂದು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ:

ನೀವು ಕೇಳಿದ್ದಕ್ಕೆ ನಾನು ಕೃತಜ್ಞಳು, ಅಣ್ಣಾ. ಒಬ್ಬ ವ್ಯಾಪಾರಿ ಮನಸ್ಸು ಮಾಡಿದರೆ ನೂರು ಮನೆಗಳಿಗೆ ಒಳ್ಳೆಯದಾಗುತ್ತದೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿನ ಜೊತೆ ಇರುವ ಲೈಸೆನ್ಸ್ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿ ನೋಡಿದರೆ ಅದು ನಿಜವೋ ಸುಳ್ಳೋ ತಿಳಿಯುತ್ತದೆ. ಸಗಟು ಮಾಲು ತರುವಾಗಲೇ ಒಂದು ಪೆಟ್ಟಿಗೆ ಬಿಚ್ಚಿಸಿ ಪರೀಕ್ಷಿಸಿ. (ನಮ್ಮ ಕಿನ್ನಾಳದ ಗೊಂಬೆಗಳಂಥ ಭೌಗೋಳಿಕ ಗುರುತು ಪಡೆದ ಕರಕುಶಲ ವಸ್ತುಗಳನ್ನು, ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಾದರೆ, ಈ ಆದೇಶದಿಂದ ಬಿಟ್ಟಿದ್ದಾರೆ. ಅವನ್ನು ನಿಶ್ಚಿಂತೆಯಿಂದ ಮಾರಿ.)

ಕೈಮುಗಿದು ಕೇಳುವುದು ಒಂದೇ: ಜೋಳದ ಕಾಳಿನಷ್ಟು ಗಾತ್ರದ ಗಟ್ಟಿ ಪ್ಲಾಸ್ಟಿಕ್ ಗುಂಡು ಹಾರಿಸುವ ಗನ್ನುಗಳನ್ನು ಇಡಬೇಡಿ. ಫೋಮ್ ಬುಲೆಟ್ಟಿಗೆ ಬಾಗುವ ಗುಣವಾದರೂ ಇದೆ. ಆ ಗುಂಡಿಗೆ ಅದೂ ಇಲ್ಲ, ಅಷ್ಟು ಸಣ್ಣ ಜಾಗದ ಮೇಲೆ ಪೂರ್ತಿ ಪೆಟ್ಟು ಬೀಳುತ್ತದೆ.

ಪ್ರಶ್ನೆ (ಲಿಂಗಸುಗೂರಿನಿಂದ ಒಬ್ಬ ಅಜ್ಜ):

ದೊಡ್ಡ ಮೊಮ್ಮಗ ಆಡುವಾಗ ಒಂದೂವರೆ ವರ್ಷದ ಮೊಮ್ಮಗಳು ಬಿದ್ದ ಬುಲೆಟ್‌ಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ನೀರಿನಲ್ಲಿ ನೆನೆಸಿದರೆ ಉಬ್ಬುವ ಬಣ್ಣದ ಗುಂಡುಗಳ ಗನ್ ಇದಕ್ಕಿಂತ ಮೆತ್ತಗಿರುತ್ತದೆ ಎನ್ನುತ್ತಾರಲ್ಲ?

ಉತ್ತರ:

ಇದು ಮಕ್ಕಳ ತಜ್ಞರ ವಿಷಯವಾದರೂ ತಿಳಿದಷ್ಟು ಹೇಳುತ್ತೇನೆ, ಯಜಮಾನರೇ. ಕಚ್ಚಿ ಕಿತ್ತ ಫೋಮ್ ತುಂಡು ಉಸಿರುನಾಳಕ್ಕೆ ಹೋದರೆ ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ಹಠಾತ್ ಕೆಮ್ಮು ಬಂದರೆ, ಬುಲೆಟ್ ಬಾಯಲ್ಲಿತ್ತು ಎಂಬ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಉಬ್ಬುವ ಗುಂಡುಗಳಂತೂ ಕೂಸಿರುವ ಮನೆಗೆ ಬೇಡವೇ ಬೇಡ. ನುಂಗಿದರೆ ಅವು ಹೊಟ್ಟೆಯೊಳಗೂ ಉಬ್ಬಿ ಕರುಳನ್ನು ಕಟ್ಟಬಲ್ಲವು, ಕಣ್ಣಿಗೆ ಬಡಿದರೆ ಅವುಗಳಿಂದಲೂ ಗಾಯವಾಗುತ್ತದೆ. ಆಟಕ್ಕೆ ಮುಂಚೆ ಬುಲೆಟ್ ಎಣಿಸಿ ಕೊಡಿ, ಮುಗಿದ ಮೇಲೆ ಎಣಿಸಿ ತೆಗೆದುಕೊಳ್ಳಿ. ಆ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ.

ಪ್ರಶ್ನೆ (ಗಂಗಾವತಿಯ ತಾಯಿ, ಹತ್ತನೆಯ ದಿನ):

ರಕ್ತ ಪೂರ್ತಿ ಹೋಗಿದೆ, ಚಾರ್ಟಿನ ಕೊನೆಯ ಸಾಲನ್ನೂ ಓದಿದ, ಮೇಡಂ. ಬುಲೆಟ್ ಹಾರಿಸಿದ ಪಕ್ಕದ ಮನೆಯ ಹುಡುಗ ಅಂದಿನಿಂದ ನಮ್ಮ ಮನೆಯ ಕಡೆಗೇ ಬಂದಿಲ್ಲ. ಇನ್ನು ಆಡಲು ಬಿಡಬಹುದೇ, ಅಥವಾ ಗನ್ನುಗಳನ್ನು ಎಸೆದುಬಿಡಲೇ?

ಉತ್ತರ:

ಓಡಾಟದ ಆಟಕ್ಕೆ ಯಾವಾಗ ಬಿಡಬೇಕೆಂಬುದನ್ನು ನೋಡುತ್ತಿರುವ ವೈದ್ಯರೇ ಹೇಳಲಿ. ಪೆಟ್ಟಾದ ನಾಲ್ಕರಿಂದ ಆರು ವಾರಗಳ ನಂತರ ಕಾರ್ನಿಯಾ ಮತ್ತು ಐರಿಸ್ ಕೂಡುವ ಕೋನವನ್ನು ಕನ್ನಡಿಯ ಮಸೂರವಿಟ್ಟು ನೋಡುವ ಪರೀಕ್ಷೆ ಒಂದಿದೆ, ಗೋನಿಯೊಸ್ಕೋಪಿ ಎನ್ನುತ್ತಾರೆ. ರೆಟಿನಾದ ಅಂಚುಗಳನ್ನೂ ಆಗಲೇ ತೋರಿಸಿ. ಐರಿಸ್ಸಿನ ಬುಡದಲ್ಲಿ ಹರಿದ ಗುರುತು ಉಳಿದಿದ್ದರೆ ಎಷ್ಟೋ ವರ್ಷಗಳ ನಂತರ ಗ್ಲಾಕೋಮಾ (ಕಣ್ಣಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗ) ಬರಬಹುದು, ಅದು ನೋವಿಲ್ಲದೆ ಬರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಒತ್ತಡ ನೋಡಿಸಬೇಕು. ಬಲಗಣ್ಣಿಗೆ ಪೆಟ್ಟಾದ ದಿನಾಂಕವನ್ನು ಅವನ ಲಸಿಕೆಯ ಕಾರ್ಡಿನ ಹಿಂದೆ ಬರೆದಿಡಿ. ಅವನು ದೊಡ್ಡವನಾಗಿ ಬೇರೆ ಊರಿಗೆ ಹೋದಾಗ ಅಲ್ಲಿನ ವೈದ್ಯರಿಗೆ ಅದು ಬೇಕಾಗುತ್ತದೆ.

ಗನ್ನುಗಳನ್ನು ಎಸೆಯುವ ಅಗತ್ಯ ನನಗೆ ಕಾಣುವುದಿಲ್ಲ. ಗಾಗಲ್ಸ್ ತರುವವರೆಗೆ ಬೀರುವಿನ ಮೇಲಿಡಿ. ತರುವಾಗ ಎರಡು ಜೊತೆ ತನ್ನಿ, ಒಂದನ್ನು ಪಕ್ಕದ ಮನೆಯ ಹುಡುಗನಿಗೆ ನಿಮ್ಮ ಮಗನ ಕೈಯಿಂದಲೇ ಕೊಡಿಸಿ.