ಪದಚರ್ಚೆ: ವಿಡಿಯೊ ‘ನಿರ್ವಹಣೆ’ ಎಂದರೆ ರಿಪೇರಿಯೇ?

ಎಲ್ಲರಿಗೂ ನಮಸ್ಕಾರ.

ಮುಂಬಯಿ ಕಡೆಯ ಮಾಟುಂಗಾ, ಘಾಟ್‌ಕೋಪರ್, ವಾಶಿ ಹೀಗೆ ಮೂರು ಕಡೆ ಹೋಟೆಲಿರುವ ನಮ್ಮ ಧಣಿಗಳಲ್ಲಿ ಲೆಕ್ಕ ಬರೆಯುವವನು ನಾನು. ಮೂರೂ ಕಡೆಯ 24 ಕ್ಯಾಮೆರಾಗಳನ್ನು ಒಂದೇ ಪರದೆಯಲ್ಲಿ ನೋಡುವಂತಾಗಲಿ ಎಂದು ವಿಡಿಯೊ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ಗೆ ಎರಡು ಕೊಟೇಶನ್ ತರಿಸಿದ್ದೇವೆ. ಧಣಿಗಳು ಸರಾಗವಾಗಿ ಓದುವುದು ಕನ್ನಡ ಮಾತ್ರ. ಎರಡರ ಸಾರವನ್ನೂ ಕನ್ನಡದಲ್ಲಿ ಬರೆದುಕೊಟ್ಟೆ; ಮೇಲೆ ‘ವಿಡಿಯೊ ನಿರ್ವಹಣಾ ತಂತ್ರಾಂಶ’ ಎಂದು ಹಾಕಿದೆ.

ಓದಿ ಮುಗಿಸಿ ಅವರು ಹೇಳಿದ್ದು: “ಹಾಗಾದ್ರೆ ಕ್ಯಾಮೆರಾ ಕೆಟ್ರೆ ಇವರೇ ಬಂದು ನೋಡ್ತಾರಲ್ಲ? ಆ ವರ್ಷದ ರಿಪೇರಿ ಕಾಂಟ್ರಾಕ್ಟ್ ಬಿಟ್ಟುಬಿಡಿ ಮಾರಾಯ್ರೆ.”

ತಪ್ಪು ಅವರದ್ದಲ್ಲ. ‘ರಸ್ತೆ ನಿರ್ವಹಣೆ’, ‘ಲಿಫ್ಟ್ ನಿರ್ವಹಣಾ ವೆಚ್ಚ’ ಎನ್ನುವಾಗ ಅದು ದುರಸ್ತಿ. ‘ವಿಪತ್ತು ನಿರ್ವಹಣೆ’ ಎನ್ನುವಾಗ ಯಾರೂ ವಿಪತ್ತನ್ನು ದುರಸ್ತಿ ಮಾಡುವುದಿಲ್ಲ. ಮರಾಠಿಯವರು ಒಂದಕ್ಕೆ ‘ದೇಖಭಾಲ್’, ಇನ್ನೊಂದಕ್ಕೆ ‘ವ್ಯವಸ್ಥಾಪನ್’ ಎಂದು ಬೇರೆಬೇರೆ ಇಟ್ಟುಕೊಂಡು ಆರಾಮಾಗಿದ್ದಾರೆ. ಸಂಸ್ಕೃತ ನಾಟ್ಯಶಾಸ್ತ್ರದ ಐದು ಸಂಧಿಗಳಲ್ಲಿ, ಅಂದರೆ ನಾಟಕದ ಕತೆಯ ಘಟ್ಟಗಳಲ್ಲಿ, ಕೊನೆಯದರ ಹೆಸರೂ ನಿರ್ವಹಣವೇ. ಕತೆಯನ್ನು ದಡ ಸೇರಿಸುವುದು ಎಂಬ ಅರ್ಥ. ಆ ಮೂಲದಿಂದ ಎರಡೂ ಅರ್ಥಗಳಿಗೆ ದಾರಿಯಿದೆ, ಒಪ್ಪುತ್ತೇನೆ. ಆದರೆ ಕೊಟೇಶನ್ನಿನಲ್ಲಿ ಎರಡಕ್ಕೂ ಬೇರೆಬೇರೆ ಸಾಲು, ಬೇರೆಬೇರೆ ದುಡ್ಡು.

‘ವ್ಯವಸ್ಥಾಪನೆ’ಯನ್ನು ನಾವೂ ತೆಗೆದುಕೊಳ್ಳಬಹುದು, ನನ್ನ ಕಿವಿಗೆ ಮಾತ್ರ ಅದರಲ್ಲಿ ಮದುವೆಮನೆಯ ಊಟ-ವಸತಿ ಕೇಳಿಸುತ್ತದೆ. ಪತ್ರಿಕೆಗಳ ‘ಕಣ್ಗಾವಲು’ ಚಂದದ ಪದ. ಕಣ್ಣಿನ ಪಕ್ಕ ಕಾವಲು ಬಂದು, ‘ಮಳೆಗಾಲ’ ಎಂಬ ಪದದಲ್ಲಾದಂತೆ ಕಕಾರ ಗಕಾರವಾಗಿದೆ. ಆದರೆ ಕಾಯುವುದು ಕ್ಯಾಮೆರಾ ಮತ್ತು ಪರದೆಯ ಮುಂದೆ ಕೂತವನು. ಈ ತಂತ್ರಾಂಶದ ಕೆಲಸ ಹೆಚ್ಚಾಗಿ ಆಮೇಲಿನದು: ಬಂದ ಚಿತ್ರವನ್ನು ಜಾಗ, ಗಂಟೆ ನೋಡಿ ಜೋಡಿಸುವುದು, ಕೇಳಿದಾಗ ಹುಡುಕಿಕೊಡುವುದು, ಹಳತನ್ನು ಅಳಿಸುವುದು, ಯಾರಿಗೆ ಯಾವ ಕ್ಯಾಮೆರಾ ಕಾಣಬೇಕೆಂದು ನೋಡಿಕೊಳ್ಳುವುದು. “ನಮ್ಮ ಉಗ್ರಾಣದವನ ಕೆಲಸವೇ” ಎಂದೆ. ಧಣಿಗಳಿಗೆ ಆ ಕ್ಷಣವೇ ತಿಳಿಯಿತು. ‘ವಿಡಿಯೊ ಉಗ್ರಾಣಿ’ ಎಂದೇ ಬರೆಯೋಣವೆಂದರೆ, ನಮ್ಮ ಊರ ಕಡೆ ಉಗ್ರಾಣಿ ಎಂದರೆ ನೋಟಿಸು ಹಿಡಿದು ಮನೆಗೆ ಬರುವ ಗ್ರಾಮ ಸಹಾಯಕ!

ಎರಡನೆಯ ಪೇಚು ‘ಪರವಾನಗಿ’. ಇಂಥ ತಂತ್ರಾಂಶಗಳಿಗೆ ಹೆಚ್ಚಾಗಿ ಕ್ಯಾಮೆರಾ ಲೆಕ್ಕದಲ್ಲಿ ಲೈಸೆನ್ಸ್. ‘24 ಪರವಾನಗಿ’ ಎಂದು ಬರೆದದ್ದೇ ತಡ, ಪಾಲಿಕೆಯದ್ದೋ ಪೊಲೀಸರದ್ದೋ ಎಂದು ವಿಚಾರಣೆ ಶುರುವಾಯಿತು. ಹೋಟೆಲಿನವರ ಮುಂದೆ ಆ ಪದ ತೆಗೆಯಲೇಬಾರದು. ‘ಬಳಕೆಯ ಹಕ್ಕು’ ಎಂದು ತಿದ್ದಿದ್ದೇನೆ.

ದೃಶ್ಯಗಳನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂಬುದಕ್ಕೆ ‘ಉಳಿಕೆ ಅವಧಿ’ ಎಂದಿದ್ದೆ. ಲೆಕ್ಕದ ಪುಸ್ತಕದಲ್ಲಿ ಉಳಿಕೆ ಎಂದರೆ ಕೈಯಲ್ಲಿ ಉಳಿದ ದುಡ್ಡು, ಅಲ್ಲೂ ಎಡವಿದೆ. ಧಣಿಗಳು ಕೇಳಿದ್ದು, “ಎಷ್ಟು ದಿನ ಹಿಂದಿನದ್ದು ಸಿಗ್ತದೆ?” ಅದನ್ನೇ ‘ಹಿಂದಿನದು ಸಿಗುವ ದಿನಗಳು’ ಎಂದು ಶೀರ್ಷಿಕೆ ಮಾಡಿದರೆ ಒರಟಾಯಿತೇ? ಈ ಸಾಲು ತಪ್ಪಿದರೆ ಖರ್ಚೂ ತಪ್ಪುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ಕಳಿಸುವ ಒಂದು ಕ್ಯಾಮೆರಾ ಬಿಡದೆ ಓಡಿದರೆ ದಿನಕ್ಕೆ 43 ಜಿ.ಬಿ. ತುಂಬುತ್ತದೆ, 24 ಕ್ಯಾಮೆರಾ, 30 ದಿನವೆಂದರೆ ಸುಮಾರು 31 ಟಿ.ಬಿ. ಡಿಸ್ಕು ಬೇಕು.

ಒನ್‌ವಿಫ್ ಅನ್ನು ಹಾಗೆಯೇ ಬಿಟ್ಟೆ. ಬೇರೆಬೇರೆ ಕಂಪನಿಯ ಕ್ಯಾಮೆರಾಗಳು ಒಂದೇ ತಂತ್ರಾಂಶಕ್ಕೆ ಹೊಂದಲೆಂದು ಆಕ್ಸಿಸ್, ಬಾಷ್, ಸೋನಿ 2008ರಲ್ಲಿ ಶುರುಮಾಡಿದ ಕೂಟದ ಹೆಸರದು.

ಕೊನೆಯದು ‘ಹ್ಯಾಶ್’. ಕಡತದಿಂದ ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಖ್ಯೆಯದು; ಕಡತ ಚೂರು ಬದಲಾದರೂ ಅದು ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಇಂಥ ದೃಶ್ಯವನ್ನು ಕೋರ್ಟಿಗೆ ಕೊಡುವಾಗ ಜೊತೆಗಿಡುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಬರೆಯಬೇಕು. ‘ಕಡತದ ಬೆರಳಚ್ಚು’ ಎಂದಿದ್ದೇನೆ. ಬೆರಳಚ್ಚು ಎಂದರೆ ಟೈಪಿಂಗ್ ಅಲ್ಲವೇ ಎಂದು ಟೈಪ್‌ರೈಟರ್ ಕಾಲದ ನಮ್ಮ ಕ್ಯಾಷಿಯರ್ ತಗಾದೆ.

ಉಳಿದವು ಹೇಗೋ ನಡೆದಾವು. ‘ನಿರ್ವಹಣೆ’ಯನ್ನು ರಿಪೇರಿಗೆ ಬಿಟ್ಟುಕೊಟ್ಟು ಈ ತಂತ್ರಾಂಶಕ್ಕೆ ಬೇರೆ ಹೆಸರು ಸೂಚಿಸುವಿರಾ? ಕೊಟೇಶನ್ ದರ ಈ ತಿಂಗಳ ಕೊನೆಯವರೆಗೆ ಮಾತ್ರ.