ಪದಚರ್ಚೆ: ಚಾರ್ಜಿಗೆ ‘ಆವೇಶ’ ಬಿಟ್ಟು ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಹೈಸ್ಕೂಲ್ ಲ್ಯಾಬಿನ ಗೋಡೆಗೆ ಒಂದು ಪಟ್ಟಿ ಮಾಡಿಸುತ್ತಿದ್ದೇನೆ. ಸಂಜೆ ಐದಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಬರೆದಿಟ್ಟಿದ್ದು ಇಷ್ಟು:

ವಿದ್ಯುತಾವೇಶದ ಮಾನಗಳ ಪರಿವರ್ತನೆ
ಗಂಟೆಗೆ 1 ಆಂಪಿಯರ್ = 3600 ಕೂಲಂಬ್
ಗಂಟೆಗೆ 1 ಮಿಲಿಆಂಪಿಯರ್ = 3.6 ಕೂಲಂಬ್
1 ಮೈಕ್ರೋಕೂಲಂಬ್ = ಕೂಲಂಬಿನ ಹತ್ತು ಲಕ್ಷದ ಒಂದು ಪಾಲು

‘ಆವೇಶ’ ಅಂದ ಕೂಡಲೇ ಮಕ್ಕಳು ಮೈಮೇಲೆ ದೇವರು ಬಂದ ಹಾಗೆ ಕುಣಿದು ತೋರಿಸುತ್ತಾರೆ. ಬೇರೆ ಪದ ಇದೆಯಾ?

ಮರು:
‘ವಿದ್ಯುತಾವೇಶ’ ಅಲ್ಲ, ವಿದ್ಯುದಾವೇಶ. ಜಶ್ತ್ವ. ಆವೇಶ ಅಂದರೆ ಒಳಹೊಗುವುದು ಅಂತಲೇ ಅರ್ಥ. ಒಳಹೊಕ್ಕಿದ್ದು ದೇವರೋ ಕರೆಂಟೋ, ಪದ ಸರಿಯಾಗಿಯೇ ಇದೆ. ಕುಣಿಯಲಿ ಬಿಡಿ.

ಮರು:
ಸಂಸ್ಕೃತವನ್ನು ಇನ್ನೂ ಎಷ್ಟು ದಿನ ಹೊತ್ತು ತಿರುಗುತ್ತೀರಿ? ಇಂಗ್ಲಿಷಿನ ಚಾರ್ಜ್ ಬಂದಿದ್ದು ಲ್ಯಾಟಿನ್ನಿನ ‘ಕರ್ರುಸ್’ನಿಂದ. ಕರ್ರುಸ್ ಅಂದರೆ ಗಾಡಿ. ಗಾಡಿಗೆ ಹೇರಿದ್ದು ಚಾರ್ಜ್. ನಾವು ಓಡಿಸುವ ಕಾರೂ ಅದೇ ಬೇರಿನದು. ಹಾಗಾಗಿ ‘ಮಿಂಚಿನ ಹೊರೆ’ ಅನ್ನಿ. ಮೈಕ್ರೋಗೆ ‘ಕಿರು’ ಸಾಕು. ಮುಗೀತು.

ಮರು:
ಹೊರೆ ಅಂದ್ರೆ ಲೋಡ್. ಪ್ರತಿ ಬೇಸಿಗೆ ಲೋಡ್ ಶೆಡ್ಡಿಂಗ್ ಕಂಡವರಿಗೂ ಇದನ್ನು ಹೇಳಬೇಕಾ? ಮೈಕ್ರೋ ‘ಕಿರು’ ಆದರೆ ನ್ಯಾನೋ ‘ಕಿರುಕಿರು’. ಪಿಕೋ ಹೊತ್ತಿಗೆ ಕಿರಿಕಿರಿ.

ಪಟ್ಟಿಯಲ್ಲೇ ತಪ್ಪಿದೆ, ಅದನ್ನು ಯಾರೂ ನೋಡಿಲ್ಲ. ‘ಗಂಟೆಗೆ’ ಅಂದರೆ ಭಾಗಾಕಾರ, ಗಂಟೆಗೆ 60 ಕಿಲೋಮೀಟರ್ ಅನ್ನುತ್ತೇವಲ್ಲ, ಹಾಗೆ. ಇಲ್ಲಿರುವುದು ಗುಣಾಕಾರ. ಸೆಕೆಂಡಿಗೆ ಒಂದು ಕೂಲಮ್ ಹರಿದರೆ ಒಂದು ಆಂಪಿಯರ್. ಅದೇ ಕರೆಂಟು ಗಂಟೆಯಿಡೀ, ಅಂದರೆ 3600 ಸೆಕೆಂಡು, ಹರಿದರೆ 3600 ಕೂಲಮ್. ‘ಆಂಪಿಯರ್ ಗಂಟೆ’ ಅಂತ ಬರೆಯಿರಿ, ಕಿಲೋವಾಟ್ ಗಂಟೆ ಇದ್ದ ಹಾಗೆ. ‘ಆಂಪಿಯರ್ ಅವರ್’ ಬೇಡ, ಆ ಮಹಾನುಭಾವರಿಗೆ ಮರ್ಯಾದೆ ಕೊಟ್ಟು ಕರೆದ ಹಾಗಿರುತ್ತದೆ. ಕೂಲಂಬ್ ಕೂಡ ಬೇಡ. ಅದು ಫ್ರಾನ್ಸಿನ ವಿಜ್ಞಾನಿಯ ಹೆಸರು, ಕೊನೆಯ ‘ಬಿ’ಯನ್ನು ಫ್ರೆಂಚರು ಉಚ್ಚರಿಸುವುದಿಲ್ಲ.

ಇನ್ನೊಂದು ಸಾಲು ಸೇರಿಸಿ, ಮಕ್ಕಳಿಗೆ ಹಿಡಿಸುತ್ತದೆ: 5000 ಮಿಲಿಆಂಪಿಯರ್ ಗಂಟೆಯ ಮೊಬೈಲ್ ಬ್ಯಾಟರಿ = 18,000 ಕೂಲಮ್.

ಮರು:
ಕರೆಂಟು, ಬ್ಯಾಟರಿ, ಮೊಬೈಲ್, ಲೋಡ್. ಇಷ್ಟನ್ನೂ ನುಂಗಿದವರಿಗೆ ‘ಹೊರೆ’ ಗಂಟಲಲ್ಲಿ ಸಿಕ್ಕಿತಂತೆ. ನಮ್ಮ ಪದಗಳು ಸಾಯೋದು ಹೀಗೇ.

ಮರು:
ಲೈನ್‌ಮನ್ ‘ಲೈನ್ ಚಾರ್ಜ್ ಆಗಿದೆ, ಮುಟ್ಟಬೇಡಿ’ ಅನ್ನುತ್ತಾನೆ. ‘ಹೊರೆ ಏರಿದೆ’ ಅಂದಿದ್ದರೆ ನೀವು ಇಳಿಸಲು ಕೈ ಹಾಕುತ್ತಿದ್ದಿರಿ.

ಮರು:
ಕೊಟ್ಟು ಬಂದೆ. ತಲೆಬರಹ ‘ಚಾರ್ಜಿನ ಅಳತೆಗಳು’. ಕೆಳಗೆ ಸಣ್ಣಕ್ಷರದಲ್ಲಿ ವಿದ್ಯುದಾವೇಶ, ಪರೀಕ್ಷೆಯಲ್ಲಿ ಅದೇ ಬರುತ್ತಲ್ಲ. ‘ಗಂಟೆಗೆ’ ತೆಗೆದೆ, ಥ್ಯಾಂಕ್ಸ್. ಅಂಗಡಿಯ ಹುಡುಗ ಕೂಲಮ್ ಅನ್ನು ‘ಕಾಲಮ್’ ಅಂತ ಟೈಪ್ ಮಾಡಿದ್ದ. ಪಕ್ಕದಲ್ಲೇ ಕೂತು ತಿದ್ದಿಸಿದೆ.