ತಡವಾಗಿ ಬಂದರೆ ಐವತ್ತು ರೂಪಾಯಿ: ಓದುಗರ ಸ್ಪಂದನ

ಕೊಡಗಿನ ಸಿದ್ದಾಪುರ ಸಮೀಪದ ಕಾಫಿ ತೋಟವೊಂದರಲ್ಲಿ ಹಾಜರಿ ಮತ್ತು ಲೆಕ್ಕ ನೋಡಿಕೊಳ್ಳುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಇಕ್ಕಟ್ಟನ್ನು ಹೇಳಿಕೊಂಡಿದ್ದರು. ಬೆಳಿಗ್ಗೆ ಎಂಟರೊಳಗೆ ಬಾರದವರಿಗೆ 50 ರೂಪಾಯಿ ದಂಡ ಹಾಕತೊಡಗಿದ ಮೇಲೆ ತಡವಾಗಿ ಬರುವವರ ಸಂಖ್ಯೆ ಇಳಿಯುವ ಬದಲು ಏರಿದೆ. ನಡವಳಿಕೆ ವಿಜ್ಞಾನದ ಶಿಬಿರಕ್ಕೆ ಹೋಗಿಬಂದ ಮಾಲೀಕರು ಈಗ ದಂಡವನ್ನು 100 ರೂಪಾಯಿಗೆ ಏರಿಸಿ, ಹೆಚ್ಚು ಹಣ್ಣು ಕೊಯ್ದವರ ಹೆಸರನ್ನೂ ತಡವಾಗಿ ಬಂದವರ ಹೆಸರನ್ನೂ ಕಣದ ಗೋಡೆಯ ಮೇಲೆ ಬರೆಸಬೇಕೆಂದಿದ್ದಾರೆ. ಇದಕ್ಕೆ ಒಪ್ಪಬೇಕೇ, ಬೇಡವೆನ್ನಬೇಕೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಪೊನ್ನಂಪೇಟೆಯ ಉಪನ್ಯಾಸಕಿ

ನಿಮ್ಮ ತೋಟದಲ್ಲಿ ಆದದ್ದು ವಿಚಿತ್ರವೇನಲ್ಲ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು ನಡೆಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡಮಾಡುವ ಹೆತ್ತವರಿಗೆ ದಂಡ ವಿಧಿಸಿದಾಗ ತಡಮಾಡುವವರು ಹೆಚ್ಚುಕಡಿಮೆ ಇಮ್ಮಡಿಯಾದರು. ಅಲ್ಲಿಯವರೆಗೆ ಕಾಯುತ್ತಿದ್ದ ಶಿಕ್ಷಕಿಯ ಮುಖ ನೋಡಲು ಸಂಕೋಚಪಡುತ್ತಿದ್ದವರು, ಹಣ ಕಟ್ಟಿದ ಮೇಲೆ ಆ ಹೊತ್ತನ್ನು ಕೊಂಡುಕೊಂಡಂತೆ ನಿರಾಳರಾದರು. ಮುಂದೆ ದಂಡವನ್ನು ರದ್ದುಪಡಿಸಿದರೂ ಹಳೆಯ ಸಂಕೋಚ ಮರಳಲಿಲ್ಲ. ದಂಡವನ್ನು ಪ್ರಯೋಗಕ್ಕೆಂದು ಹಾಕಿ ನೋಡಿ ಬಿಟ್ಟುಬಿಡಬಹುದೆಂದು ನಿಮ್ಮ ಮಾಲೀಕರು ಭಾವಿಸಿದ್ದರೆ, ಈ ಕೊನೆಯ ಭಾಗವನ್ನು ಅವರಿಗೆ ತಿಳಿಸಿ.

ಆದರೆ ದಂಡವೆಂದರೆ ಎಲ್ಲೆಡೆ ವಿಫಲ ಎನ್ನಲೂ ಆಗದು. ನಮ್ಮ ಪಕ್ಕದ ಮೈಸೂರಿನಲ್ಲೇ ದತ್ತಾಂಶ ನಮೂದಿಸುವ ನೌಕರರ ನಡುವೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನದ ಗುರಿಯನ್ನು ತಾವೇ ಆರಿಸಿಕೊಂಡು, ಅದನ್ನು ಮುಟ್ಟದಿದ್ದರೆ ಕಡಿಮೆ ದರದಲ್ಲಿ ಕೂಲಿ ಪಡೆಯುವ ಅವಕಾಶವನ್ನು ನೌಕರರಿಗೆ ಕೊಡಲಾಗಿತ್ತು. ಅದರಿಂದ ಕೈಗೆ ಹೆಚ್ಚು ಹಣವೇನೂ ಬರುತ್ತಿರಲಿಲ್ಲ. ಆದರೂ ಸುಮಾರು ಮೂರನೇ ಒಂದು ಪಾಲು ಸಂದರ್ಭಗಳಲ್ಲಿ ಅವರು ಗುರಿಯನ್ನೇ ಆರಿಸಿಕೊಂಡರು, ಆ ಅವಕಾಶ ದೊರೆತಾಗ ದುಡಿಮೆಯೂ ಹೆಚ್ಚಿತು. ತಾನೇ ಹಾಕಿಕೊಂಡ ಕಟ್ಟು ಮತ್ತು ಇನ್ನೊಬ್ಬರು ಹಾಕಿದ ಕಟ್ಟು ಒಂದೇ ಅಲ್ಲ ಎಂಬುದನ್ನು ಶಿಬಿರದಲ್ಲಿ ಹೇಳಿಕೊಟ್ಟಂತೆ ಕಾಣುವುದಿಲ್ಲ.

ಅಮ್ಮತ್ತಿಯಿಂದ ಒಬ್ಬರು

ಶನಿವಾರದ ಸಂಬಳ ಸೋಮವಾರ ಬಂದರೆ ಗೋಡೆಯ ಮೇಲೆ ಯಾರ ಹೆಸರು ಬರೆಯುತ್ತೀರಿ?

*ಚಿಕ್ಕ ಪತ್ರವಾದರೂ ಇದನ್ನು ಬಿಡಲು ಮನಸ್ಸು ಬರಲಿಲ್ಲ. ಒಡಿಶಾದಲ್ಲಿ ಎಲೆತಟ್ಟೆ ಹೊಲಿಯುವ ಕಾರ್ಮಿಕರಿಗೆ ಕೂಲಿಯ ಒಂದು ಭಾಗವನ್ನು ಮುಂಚಿತವಾಗಿ ಕೊಟ್ಟಾಗ, ಅದರಲ್ಲೂ ಹೆಚ್ಚು ಬಡವರಾಗಿದ್ದವರ ಕೆಲಸ ಸುಧಾರಿಸಿತೆಂದು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಕಂಡುಕೊಂಡಿದೆ. ಮುಂದಿನ ಪತ್ರ ತುಸು ದೀರ್ಘವಾಗಿದೆ, ಕತ್ತರಿಸದೆ ಕೊಟ್ಟಿದ್ದೇವೆ. – ಸಂ.*

ಮಡಿಕೇರಿಯ ಗೃಹಿಣಿ

ದಂಡದ ವಿಷಯ ನನಗೆ ಗೊತ್ತಿಲ್ಲ. ಗೋಡೆಯ ಮೇಲೆ ಹೆಸರು ಬರೆಯುವ ಮಾತು ಓದಿದ ಮೇಲೆ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಮದುವೆಗೆ ಮೊದಲು ಸಾಲ ಕೊಡುವ ಖಾಸಗಿ ಸಂಸ್ಥೆಯೊಂದರ ಶಾಖೆಯಲ್ಲಿ ವಸೂಲಿ ವಿಭಾಗದಲ್ಲಿದ್ದೆ. ಗ್ರಾಹಕರು ಕುಳಿತುಕೊಳ್ಳುವ ಬೆಂಚಿನ ಎದುರಿಗೇ ಒಂದು ಬಿಳಿ ಹಲಗೆ ಇತ್ತು. ಮೇಲಿನ ಮೂರು ಹೆಸರು ಹಸಿರು, ಕೆಳಗಿನ ಮೂರು ಕೆಂಪು. ನಮ್ಮ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದ ತಿಂಗಳಿನಲ್ಲಿ ನನ್ನ ಹೆಸರು ಕೆಂಪಿಗಿಳಿಯಿತು. ನನ್ನ ಬಳಿ ಕಂತು ಕಟ್ಟಲು ಬಂದಿದ್ದ ನಮ್ಮೂರಿನ ಹಿರಿಯರೊಬ್ಬರು ಹಲಗೆಯನ್ನು ಓದಿ, ‘ಯಾಕಮ್ಮಾ, ಏನಾಯಿತು?’ ಎಂದು ಅಕ್ಕರೆಯಿಂದಲೇ ಕೇಳಿದರು. ಅವರು ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ನಾನು ಹೇಳಬೇಕಾದದ್ದು ನನ್ನ ಅವಮಾನವೊಂದೇ ಅಲ್ಲ. ಆ ಹಲಗೆ ಬಂದ ಮೇಲೆ ಕೆಲಸ ಏನಾಯಿತೆಂಬುದು. ಸುಲಭವಾಗಿ ಕಟ್ಟುವ ಗ್ರಾಹಕರನ್ನು ಎಲ್ಲರೂ ತಮ್ಮ ಪಟ್ಟಿಗೆ ಎಳೆದುಕೊಂಡರು, ನಾಪೋಕ್ಲು ಕಡೆಯ ದೂರದ ಮನೆಗಳಿಗೆ ಹೋಗುವವರೇ ಇಲ್ಲವಾದರು, ಹೊಸದಾಗಿ ಸೇರಿದ ಹುಡುಗಿಗೆ ರಸೀದಿ ಬರೆಯುವುದನ್ನೂ ಯಾರೂ ಹೇಳಿಕೊಡಲಿಲ್ಲ, ಏಕೆಂದರೆ ಹೇಳಿಕೊಟ್ಟ ಅರ್ಧ ಗಂಟೆ ಯಾವ ಹಲಗೆಯ ಮೇಲೂ ಕಾಣುತ್ತಿರಲಿಲ್ಲ. ತಿಂಗಳ ಮೊತ್ತ ಮಾತ್ರ ಮೊದಲಿನಷ್ಟೇ ಇತ್ತು. ಇಂದಿಗೂ ಮಗನ ಶಾಲೆಯಲ್ಲಿ ಅಂಕಗಳ ಪಟ್ಟಿ ಅಂಟಿಸಿದ್ದರೆ ನಾನು ಹತ್ತಿರ ಹೋಗುವುದಿಲ್ಲ, ಅವನ ತಂದೆಯೇ ಓದಿಕೊಂಡು ಬರಬೇಕು.

ನಿಮ್ಮ ತೋಟದಲ್ಲಿ ಹೆಚ್ಚು ಕಿಲೋ ಕೊಯ್ದವರ ಹೆಸರು ಗೋಡೆಗೆ ಬಂದರೆ ಏನಾಗುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಣ್ಣು ಆರಿಸಿ ಕೊಯ್ಯುವ ತಾಳ್ಮೆ ಹೋಗಿ, ರೆಂಬೆಯನ್ನು ಕೈಯಲ್ಲಿ ಸವರಿ ಹಸಿರು ಕಾಯಿಯನ್ನೂ ಚೀಲಕ್ಕೆ ತುಂಬುತ್ತಾರೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕುವ ಅರೇಬಿಕಾ ಆದರೆ ನಷ್ಟ ಯಾರಿಗೆ? ಅತ್ತೆ ಸೊಸೆ ಸೇರಿ ಕೊಯ್ದು ಒಟ್ಟಿಗೆ ತೂಗಿಸುವ ಮನೆಗಳಲ್ಲಿ ಯಾರ ಹೆಸರು ಬರೆಯುತ್ತೀರಿ? ಬೇಡ ಸೋದರಿ, ದಯವಿಟ್ಟು ಬೇಡ.

ಸುಂಟಿಕೊಪ್ಪದ ಬೆಳೆಗಾರರು

ಪತ್ರಿಕೆಯವರು ಯಾವಾಗಲೂ ಮಾಲೀಕರನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಕೊಯ್ಲಿನ ಕಾಲದಲ್ಲಿ ಆಳು ಸಿಗದೆ, ಗಿಡದಲ್ಲೇ ರೋಬಸ್ಟಾ ಒಣಗುತ್ತಿರುವಾಗ, ಕಣದಲ್ಲಿ ಹರಡಿದ್ದ ಕಾಫಿಯ ಮೇಲೆ ಅಕಾಲದ ಮಳೆ ಬಿದ್ದಾಗ, ಹೈಫಾದ ಹೆತ್ತವರ ಕಥೆ ನಮಗೆ ಉಪಯೋಗಕ್ಕೆ ಬರುವುದಿಲ್ಲ. ದಂಡ ಕೆಲಸ ಮಾಡುತ್ತಿಲ್ಲವೆಂದರೆ ಅದು ಕಡಿಮೆಯಾಗಿದೆ ಎಂದರ್ಥ. ನಮ್ಮಲ್ಲಿ ಕೊಯ್ಲು ಮುಗಿಯುವವರೆಗೆ ನಿಂತವರಿಗೆ ಕೊನೆಯಲ್ಲಿ ಒಂದು ಮೊತ್ತ ಕೊಡುತ್ತೇವೆ, ಜನ ನಿಲ್ಲುತ್ತಾರೆ.

*ಪತ್ರದ ಕೊನೆಯ ವಾಕ್ಯದಲ್ಲಿರುವುದು ದಂಡವಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. – ಸಂ.*

ವಿರಾಜಪೇಟೆಯ ವಕೀಲರು

ವಿಜ್ಞಾನಕ್ಕೆ ಮೊದಲು ಕಾನೂನು. 2019ರ ವೇತನ ಸಂಹಿತೆಯ ಪ್ರಕಾರ ದಂಡವು ಆ ವೇತನಾವಧಿಯ ಕೂಲಿಯ ಶೇಕಡಾ 3ನ್ನು ಮೀರುವಂತಿಲ್ಲ. ವಾರಕ್ಕೆ 3000 ರೂಪಾಯಿ ಪಡೆಯುವವರಿಗೆ ಅದು 90 ರೂಪಾಯಿ. ನಿಮ್ಮ ಮಾಲೀಕರ 100 ಮೊದಲ ದಿನವೇ ಅದನ್ನು ದಾಟುತ್ತದೆ. ಯಾವ ತಪ್ಪಿಗೆ ದಂಡ ಎಂಬುದಕ್ಕೆ ಮೊದಲೇ ಅನುಮೋದನೆ ಪಡೆದು ಸೂಚನೆ ಪ್ರದರ್ಶಿಸಿರಬೇಕು, ವಸೂಲಾದ ಹಣ ಕಾರ್ಮಿಕರ ಹಿತಕ್ಕೇ ಬಳಕೆಯಾಗಬೇಕು. ಬಾರದ ಹೊತ್ತಿನ ಕೂಲಿ ಹಿಡಿಯುವುದು ಬೇರೆ, ದಂಡ ಬೇರೆ. ಹಾಜರಿ ಪುಸ್ತಕದಲ್ಲಿರುವುದು ನಿಮ್ಮ ಕೈಬರಹ ಎಂಬುದನ್ನು ಮರೆಯಬೇಡಿ.

ಸೋಮವಾರಪೇಟೆಯ ನಿವೃತ್ತ ಗುಮಾಸ್ತರು

ತಂಗೀ, ಎಲ್ಲರೂ ಆಳುಗಳ ವಿಷಯ ಬರೆಯುತ್ತಾರೆ. ಉಳಿದ ಲೆಕ್ಕವನ್ನು ರಾತ್ರಿ ಮನೆಗೆ ಒಯ್ಯುತ್ತೇನೆಂದು ನೀವು ನಡುವೆ ಒಂದು ಸಾಲು ಬರೆದಿದ್ದೀರಿ, ನನಗೆ ಕಂಡದ್ದು ಅದು. ‘ಇವತ್ತು ಬೇಗ ಮುಗಿಸುತ್ತೇನೆ’ ಎಂಬ ಸಂಕಲ್ಪದಿಂದ ಏನೂ ಆಗುವುದಿಲ್ಲ. ‘ಕೊನೆಯ ಚೀಲ ತೂಗಿ ತಕ್ಕಡಿ ಒಳಗಿಟ್ಟ ಕೂಡಲೇ ತೂಕದ ಪುಸ್ತಕ ಕೂಡಿಸುತ್ತೇನೆ’ ಎಂದು ಇಂಥ ಕೆಲಸದ ಬೆನ್ನಿಗೆ ಇಂಥದ್ದು ಎಂದು ಗೊತ್ತುಮಾಡಿಕೊಳ್ಳಿ. ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ ಇದನ್ನು 1990ರ ದಶಕದಿಂದ ಪರೀಕ್ಷಿಸಿ ತೋರಿಸಿದ್ದಾರೆ. ದಂಡದ ಬಗ್ಗೆ ನನಗೆ ಅಭಿಪ್ರಾಯವಿಲ್ಲ.

*ಆಳುಗಳು ಏಕೆ ತಡವಾಗಿ ಬರುತ್ತಾರೆಂದು ಕೇಳಿದವರು ಒಬ್ಬರೇ. – ಸಂ.*

ಪಾಲಿಬೆಟ್ಟದ ಮೇಸ್ತ್ರಿ

ನಿಮ್ಮ ಪತ್ರವನ್ನು ಮಗಳಿಂದ ಎರಡು ಸಲ ಓದಿಸಿದೆ. ಜನ ಏಕೆ ತಡವಾಗುತ್ತಾರೆಂದು ಅದರಲ್ಲಿ ಇಲ್ಲ. ನಮ್ಮ ಕಡೆ ಆನೆ ತೋಟದೊಳಗೇ ನಿಂತಿದ್ದರೆ, ಅದು ದಾಟಿತೆಂಬ ಸುದ್ದಿ ಬರುವವರೆಗೆ ಜೀಪು ಹೊರಡುವುದಿಲ್ಲ. ತೋಟದೊಳಗಿನ ಲೈನ್‌ಮನೆಯಲ್ಲಿರುವವರು ನಡೆದು ಬರುತ್ತಾರೆ, ಹೊರಗಿನಿಂದ ಬರುವವರು ಜೀಪನ್ನು ನಂಬಿದ್ದಾರೆ. ಅಂಗನವಾಡಿ ತೆರೆಯುವ ಮೊದಲೇ ಮಗುವನ್ನು ಎಲ್ಲಿ ಬಿಡುವುದು? ಇವರೆಲ್ಲರಿಗೂ ಒಂದೇ ದಂಡವೆಂದರೆ, ಐದು ನಿಮಿಷ ತಡವಾದವರು ಒಂಬತ್ತು ಗಂಟೆಗೇ ಬರುತ್ತಾರೆ, ಹೇಗೂ ಕೊಟ್ಟಾಯಿತಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಇನ್ನೊಂದು ಗೆರೆ ಎಳೆದು, ಜೀಪು ಬಂದ ಹೊತ್ತು ಮತ್ತು ತಡವಾದ ಕಾರಣ ಬರೆಯಿರಿ. ಒಂದು ಕೊಯ್ಲಿನ ಸುತ್ತು ಮುಗಿಯುವಷ್ಟರಲ್ಲಿ ಮಾಲೀಕರಿಗೆ ತೋರಿಸಲು ನಿಮ್ಮ ಬಳಿ ಏನಾದರೂ ಇರುತ್ತದೆ.

*ಸ್ಥಳಾಭಾವದಿಂದ ಉಳಿದ ಪತ್ರಗಳನ್ನು ಪ್ರಕಟಿಸಲಾಗಿಲ್ಲ. ಈ ಕೊನೆಯ ಪತ್ರದ ಪ್ರತಿಯನ್ನು ಸಮಸ್ಯೆ ಬರೆದವರಿಗೆ ಮೊದಲೇ ಕಳುಹಿಸಿದ್ದೇವೆ. – ಸಂ.*